ಇಶ್ಯೂ: ಇಲ್ಲ

5 ಅಕ್ಟೋಬರ್ 2025, ಭಾನುವಾರ. ಕೊಟ್ಟೂರು

ಹರಪನಹಳ್ಳಿಯವರು ಬಂದು ಗೀತಾಂಜಲಿಯನ್ನು ನೋಡಿಕೊಂಡು ಹೋದರು. ಹನ್ನೊಂದಕ್ಕೆ ಬಂದರು, ಒಂದಕ್ಕೆ ಹೊರಟರು. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹ.

ಹೊಸ ನೋಟ್‌ಬುಕ್ಕಾದ್ದರಿಂದ ಯಾರು ಯಾರೆಂದು ಒಮ್ಮೆ ಬರೆದಿಡುತ್ತೇನೆ. ಮೂವತ್ತೊಂದು ವರ್ಷ ಕಾಲೇಜಿನ ಗ್ರಂಥಾಲಯ ನೋಡಿಕೊಂಡವಳ ಅಭ್ಯಾಸ ಇದು. ಗೀತಾಂಜಲಿ ನನ್ನ ಅಣ್ಣ ಏಕಾಂತಪ್ಪನ ಮಗಳು, ವಯಸ್ಸು ಮೂವತ್ತೆರಡು. ವಿಚ್ಛೇದನವಾಗಿ ಎರಡು ವರ್ಷ. ಅಂದಿನಿಂದ ಎಂಟು ವರ್ಷದ ಮಗಳು ದುರ್ಗಾಳೊಂದಿಗೆ ನನ್ನ ಮನೆಯಲ್ಲಿದ್ದಾಳೆ. ಇಲ್ಲಿಯ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ. ಅಣ್ಣ ಹಿರೇಹಡಗಲಿಯಲ್ಲಿರುತ್ತಾನೆ. ಹುಡುಗ ಅರುಣಕುಮಾರ್. ಹುಡುಗ ಎನ್ನುವುದು ರೂಢಿ, ಅವನಿಗೆ ಮೂವತ್ತೊಂಬತ್ತು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ ಇದೆ. ತಾಯಿ ದಾಕ್ಷಾಯಣಮ್ಮ ಜೊತೆಗೆ ಬಂದಿದ್ದರು.

ದುರ್ಗಾಳನ್ನು ಪಕ್ಕದ ಮನೆಯ ಕೌಸರ್ ಬಳಿ ಬಿಟ್ಟಿದ್ದೆವು. "ಮೊದಲ್ನೇ ಸಲ ಬರ್ತಾರ, ಹುಡ್ಗಿ ಇದ್ರ ಬರೇ ಅಕಿ ಮಾತ ಆಗ್ತಾವು. ಅಕಿ ವಿಷಯ ನಾ ಅವ್ರಿಗೆ ಬಿಡಿಸಿ ಹೇಳ್ತೀನಿ" ಎಂದ ಅಣ್ಣ. ನಾನೂ ಒಪ್ಪಿದೆ. ಆ ಮಗು ನೆಂಟರ ಮುಂದೆ ಕಪಾಟಿನ ಪುಸ್ತಕ ಎಳೆದು ಹಾಕುತ್ತದೆ.

ಅರುಣಕುಮಾರ್ ಮಾತು ಕಡಿಮೆ. ಪುಸ್ತಕ ತೆಗೆದರೆ ಮುಖಪುಟ ನೋಡದೆ, ಅಚ್ಚಿನ ವಿವರವಿರುವ ಪುಟ ತಿರುವುತ್ತಾನೆ. ಇಷ್ಟವಾಯಿತು. ಕೆಳಗಿನ ಸಾಲಿನ ಚಿತ್ರದ ಪುಸ್ತಕಗಳನ್ನು ಕಂಡು, "ಇವು ಯಾರಿಗ್ರಿ?" ಎಂದು ಕೇಳಿದ. "ಓದೋರಿಗೆ" ಎಂದೆ.

ಹೊರಡುವಾಗ ದಾಕ್ಷಾಯಣಮ್ಮ ಬಾಗಿಲ ಬಳಿಯ ಸಣ್ಣ ಚಪ್ಪಲಿಗಳನ್ನು ನೋಡಿ ನಿಂತರು. "ಬಾಜು ಮನಿ ಹುಡ್ಗಿವು" ಎಂದ ಅಣ್ಣ. ಅವು ದುರ್ಗಾಳವು. ಅಣ್ಣನಿಗೆ ಚಪ್ಪಲಿಯ ಗುರುತು ಸಿಕ್ಕಿರಲಿಕ್ಕಿಲ್ಲ.

8 ಅಕ್ಟೋಬರ್, ಬುಧವಾರ

ಈಗ ಓದುತ್ತಿರುವ ಅನುವಾದಿತ ಕಾದಂಬರಿಯಲ್ಲಿ ಇಲ್ಲಿಯವರೆಗೆ ಹದಿಮೂರು ತಪ್ಪು. ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದೇನೆ. ಮುಗಿದ ಮೇಲೆ ಪ್ರಕಾಶಕರಿಗೆ ಪತ್ರ ಬರೆಯುವುದು. ಹದಿನಾಲ್ಕನೆಯದು ಇಂದು ಸಿಕ್ಕಿತು, ಪುಟ 112: "ಹಿರಿಯ ಸಹೋದರನು ಯಾವ ಸಮಸ್ಯೆಯೂ ಇಲ್ಲದೆ ತೀರಿಕೊಂಡದ್ದರಿಂದ ಆ ಮನೆ ತಮ್ಮನ ಪಾಲಾಯಿತು."

ಸಮಸ್ಯೆಯಿಲ್ಲದೆ ಸಾಯುವುದು ಪುಣ್ಯವೇ. ಆದರೆ ಆ ಕಾರಣಕ್ಕೆ ಮನೆ ತಮ್ಮನ ಪಾಲಾಗುವುದು ಹೇಗೆ? ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿದೆ. ತನಗೆ ಗೊತ್ತಿದೆ ಎಂದುಕೊಂಡ ಪದವನ್ನು ನಿಘಂಟಿನಲ್ಲಿ ನೋಡದಿರುವುದು ಅನುವಾದಕರ ದೊಡ್ಡ ರೋಗ. ಈ ವಾಕ್ಯವನ್ನು ಪತ್ರದಲ್ಲಿ ಹಾಗೆಯೇ ಸೇರಿಸಬೇಕು.

ನಿವೃತ್ತಿಯ ದಿನ ಕಾಲೇಜಿನವರು ಕೊಟ್ಟ ಹಳೆಯ ತಾರೀಖಿನ ಮೊಹರನ್ನು ದುರ್ಗಾ ಹುಡುಕಿ ತೆಗೆದಿದ್ದಾಳೆ. ಮುಂಗೈ ಮೇಲೆಲ್ಲ ಒತ್ತಿಕೊಂಡಿದ್ದಳು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಬೇಕಾಯಿತು. ನನ್ನನ್ನು ತಾಯಿಯಂತೆಯೇ "ಅತ್ತಿ" ಎನ್ನುತ್ತಾಳೆ. ನಾನು ಅವಳಿಗೆ ಅಜ್ಜಿಯಾಗಬೇಕು. ಇಂದೂ ತಿದ್ದಿದೆ.

12 ಅಕ್ಟೋಬರ್, ಭಾನುವಾರ

ಬೆಳಿಗ್ಗೆ ದಾಕ್ಷಾಯಣಮ್ಮನವರ ಫೋನ್. ಒಪ್ಪಿಗೆ.

"ಹುಡುಗಿ ನಮಗೆ ಹಿಡಿಸ್ಯಾಳೆ ಕಣ್ರಿ. ಫಾರಂನಾಗೆ ಇಶ್ಯೂ ಇಲ್ಲ ಅಂತ ಬರ್ದೀರಿ. ಆದ್ರೂ ಬಾಯಿಬಿಟ್ಟು ಒಂದ್ ಮಾತು ಕೇಳ್ಬೇಕಲ್ವಾ. ಇಶ್ಯೂ ಏನೂ ಇಲ್ಲ ತಾನೆ?"

"ಏನೂ ಇಲ್ರಿ" ಎಂದೆ. "ಎಲ್ಲಾ ಮುಗದೈತಿ. ಕೋರ್ಟಿನ ಕಾಗದ ನನ್ನ ಹತ್ರಾನ ಅದಾವು."

"ಅದು ಬಿಡ್ರಿ. ನಮ್ಮ ಹುಡುಗಂಗೂ ಇಲ್ಲ, ನಿಮ್ಮ ಹುಡುಗಿಗೂ ಇಲ್ಲ. ಸರಿಸಮ ಆಯ್ತು."

ವಧೂವರ ಕೇಂದ್ರದ ಆ ನಮೂನೆ ತುಂಬಿದವಳು ನಾನೇ. ಎಲ್ಲ ಇಂಗ್ಲಿಷಿನಲ್ಲಿತ್ತು, ಅಣ್ಣ ನನ್ನ ಕೈಗೆ ಕೊಟ್ಟಿದ್ದ. ಎತ್ತರ, ಗೋತ್ರ, ಸಂಬಳ, ಹಿಂದಿನ ಮದುವೆ, ಅದರ ಕೆಳಗೆ "ಇಶ್ಯೂಸ್, ಇದ್ದರೆ" ಎಂಬ ಕಾಲಮ್ಮು. ಇಲ್ಲ ಎಂದು ಬರೆದೆ. ಜೀವನಾಂಶದ ತಕರಾರಿಲ್ಲ, ಕೇಸು ಬಾಕಿಯಿಲ್ಲ. ಎರಡು ಪುಟದ ನಮೂನೆಯಲ್ಲಿ ಮಕ್ಕಳ ಬಗ್ಗೆ ಕೇಳುವ ಕಾಲಮ್ಮೇ ಇರಲಿಲ್ಲ. ಇಂಥವನ್ನು ಯಾರು ತಯಾರಿಸುತ್ತಾರೋ.

ನವೆಂಬರ್ 27, ಗುರುವಾರ ಲಗ್ನ. ಸುದ್ದಿ ಕೇಳಿ, ಅಕ್ಕಿ ಆರಿಸುತ್ತ ಕೂತಿದ್ದ ಗೀತಾಂಜಲಿ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು.

24 ಅಕ್ಟೋಬರ್, ಶುಕ್ರವಾರ

ದೀಪಾವಳಿ ಮುಗಿದು ಶಾಲೆ ಶುರುವಾಯಿತು. ಎರಡು ಅರ್ಥ ಬರುವ ಹತ್ತು ಪದ ಬರೆದುಕೊಂಡು ಬರಲು ಹೇಳಿದ್ದಾರಂತೆ. ಕಾಲು, ಕರೆ, ನೆರೆ, ಅರಸು ಎಂದು ನಾನು ಒಂಬತ್ತು ಹೇಳಿಕೊಟ್ಟೆ. ಹತ್ತನೆಯದನ್ನು ದುರ್ಗಾ ತಾನೇ ಹುಡುಕಿದಳು.

"ಅತ್ತೆ. ಅತ್ತೆ ಅಂದ್ರ ನೀವು. ಇನ್ನೊಂದು, ನಾ ಬಿದ್ದಾಗ ಅತ್ತೆ."

ಬರಹದಲ್ಲಿ ಮಾತ್ರ ಹೊಂದುತ್ತದೆ. ಮಾತಿನಲ್ಲಿ ಇವಳು ಅತ್ತಿ ಎನ್ನುತ್ತಾಳಲ್ಲ. ಆದರೂ ತಾನೇ ಹುಡುಕಿದ್ದು. ಹಾಗೆಯೇ ಬರೆಯಲು ಬಿಟ್ಟೆ.

ಅವಳಿಗೆ ಲಗ್ನಪತ್ರಿಕೆಯದೇ ಧ್ಯಾನ. ಎಲ್ಲ ಪತ್ರಿಕೆಗಳ ಕೆಳಗೂ ಮನೆಯ ಮಕ್ಕಳ ಹೆಸರು ಹಾಕಿ, "ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ" ಎಂದು ಅಚ್ಚು ಹಾಕಿಸುತ್ತಾರಲ್ಲ, ಅದು. "ನಮ್ಮ ಅಮ್ಮನ ಮದುವೆಗೆ ಅಂತ ನಮ್ಮ ಸಾಲ್ಯಾಗ ಯಾರ ಹೆಸ್ರೂ ಬಂದಿಲ್ಲ. ನಂದೇ ಮೊದಲ್ನೇದು" ಎಂದಳು. ಗೀತಾಂಜಲಿ ನಕ್ಕಳು. ಈ ಮನೆಗೆ ಬಂದ ಮೇಲೆ ಅವಳು ಶಬ್ದ ಮಾಡಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

29 ಅಕ್ಟೋಬರ್, ಬುಧವಾರ

ಕಾದಂಬರಿ ಮುಗಿಯಿತು. ಪತ್ರ ಬರೆಯಲು ಕೂತೆ. ಇಪ್ಪತ್ತೆರಡು ತಪ್ಪು. ಮೂಲದಲ್ಲಿ ಏನಿದ್ದೀತು ಎಂದು ಊಹಿಸಿ, ಒಂದೊಂದನ್ನೂ ನಿಘಂಟಿನೊಂದಿಗೆ ಹೋಲಿಸುತ್ತ ಬಂದೆ. ಹದಿನಾಲ್ಕನೆಯದರಲ್ಲಿ ಸಮಸ್ಯೆ ಎಂದು ಬರೆದಿರುವ ಕಡೆ ಇಂಗ್ಲಿಷಿನಲ್ಲಿ ಇಶ್ಯೂ ಎಂದೇ ಇರಬೇಕು. ಮೂವತ್ತೊಂದು ವರ್ಷ ದಿನಕ್ಕೆ ನಲವತ್ತು ಸಲ ನನ್ನ ಬಾಯಲ್ಲಿ ಬಂದ ಪದ. ಪುಸ್ತಕ ಇಶ್ಯೂ ಆಯಿತು, ಪುಸ್ತಕ ವಾಪಸಾಯಿತು. ಅದನ್ನು ನಿಘಂಟಿನಲ್ಲಿ ಎಂದೂ ನೋಡಿರಲಿಲ್ಲ.

ಅರ್ಧ ಕಾಲಮ್ಮಿನಷ್ಟು ಅರ್ಥಗಳಿವೆ. ಹೊರಕ್ಕೆ ಹರಿಯುವುದು. ನದಿ ಸಮುದ್ರಕ್ಕೆ ಸೇರುವ ಬಾಯಿ. ಪತ್ರಿಕೆಯ ಸಂಚಿಕೆ. ಕೊಡುವುದು, ಹಂಚುವುದು. ವಾದದ ವಿಷಯ. ಪರಿಣಾಮ. ಎಲ್ಲಕ್ಕೂ ಬೇರು ಒಂದೇ, ಹೊರಗೆ ಹೋಗು ಎಂಬುದು. ಬಾಗಿಲುಗಳ ಮೇಲೆ ಬರೆದಿರುತ್ತದಲ್ಲ ಎಕ್ಸಿಟ್ ಎಂದು, ಅದೂ ಇದರ ದಾಯಾದಿಯಂತೆ. ಕೊನೆಗೆ, ಕಾನೂನಿನ ಮತ್ತು ಹಳೆಯ ಬಳಕೆ ಎಂಬ ಸೂಚನೆಯೊಂದಿಗೆ: ಸಂತಾನ. ಮಕ್ಕಳು.

ಹಿರಿಯ ಸಹೋದರ ಮಕ್ಕಳಿಲ್ಲದೆ ತೀರಿಕೊಂಡದ್ದರಿಂದ ಮನೆ ತಮ್ಮನ ಪಾಲಾಯಿತು. ಈಗ ವಾಕ್ಯ ಸರಿಯಾಯಿತು.

ಅದನ್ನು ಬರೆದುಕೊಂಡೆ. ಪೆನ್ನಿಗೆ ಮುಚ್ಚಳ ಹಾಕಿದೆ. ಆಮೇಲೆ ನಮೂನೆ ನೆನಪಾಯಿತು.

ಮಕ್ಕಳ ಕಾಲಮ್ಮು ಇತ್ತು. ಅದರ ಮುಂದೆ ನಾನು ಇಲ್ಲ ಎಂದು ಬರೆದಿದ್ದೇನೆ. ಬಾಯಿಬಿಟ್ಟು ಕೇಳಿದಾಗಲೂ ಏನೂ ಇಲ್ರಿ ಎಂದಿದ್ದೇನೆ.

30 ಅಕ್ಟೋಬರ್, ಗುರುವಾರ

ಅಣ್ಣ ಅವರಿಗೆ ದುರ್ಗಾಳ ವಿಷಯ ಬಿಡಿಸಿ ಹೇಳಿಯೇ ಇರುತ್ತಾನೆ. ಹಾಗಿದ್ದರೆ ನಮೂನೆಯಲ್ಲಿ ಏನಿದ್ದರೂ ಅಡ್ಡಿಯಿಲ್ಲ. ಶನಿವಾರ ಬರುತ್ತಾನೆ. ಕೇಳುವುದು.

1 ನವೆಂಬರ್, ಶನಿವಾರ

ಅಣ್ಣ ಬಂದ. ಅರುಣಕುಮಾರ್ ಬಸ್ಸಿನಲ್ಲಿ ಕಳಿಸಿದ ಲಗ್ನಪತ್ರಿಕೆಯ ಕರಡು ತಂದಿದ್ದ. "ತಪ್ಪಿದ್ರ ತಿದ್ದಿ ಕಳಸಬೇಕಂತ. ನಿನ್ನ ಕೆಲಸ ನೋಡು" ಎಂದ. ಅಚ್ಚು ಶುದ್ಧವಾಗಿತ್ತು. ಕೆಳಗೆ ಹುಡುಗನ ಅಕ್ಕನ ಮಗ ಭರತನ ಹೆಸರು, ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ. ಅಷ್ಟೇ.

"ಅಣ್ಣಾ, ದುರ್ಗಾನ ವಿಷಯ ಅವ್ರಿಗೆ ಹೇಳಿಯೇನು?"

ಅವನು ಚಹದ ಬಸಿ ಕೆಳಗಿಟ್ಟ. "ಅವತ್ತು ನೀವಿಬ್ರೂ ಒಳಗಿದ್ದಾಗ ಹೇಳಾಕ ಬಾಯಿ ತೆಗಿಯೋದ್ರಾಗ ಆ ಯಮ್ಮನೇ ಅಂದ್ಲು, ಮಕ್ಕಳಿಲ್ಲದ್ದು ಒಳ್ಳೇದಾಯ್ತು ಅಂತ. ನೀನೇ ಬರದು ಕೊಟ್ಟಿ ಇಲ್ಲ ಅಂತ. ಓದಿದಾಕಿ ಬರದದ್ದನ್ನ ನಾ ಹೆಂಗ ತಿದ್ದಲಿ?"

"ನಾ ಬರದದ್ದು ತಪ್ಪು."

"ತಪ್ಪಾದ್ರೂ ಚಲೋ ಜಾಗದಾಗ ಕುಂತೈತಿ, ಇರ್ಲಿ ಬಿಡು." ಆಮೇಲೆ ದನಿ ತಗ್ಗಿಸಿ ಹೇಳಿದ: "ಏಳು ಕಡೆ ಖರೇ ಹೇಳೀನಿ, ಪುಷ್ಪಾ. ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಲ್ಲಾ ಕಡೆ. ಏಳು ಮಂದಿನೂ ಚಾ ಕುಡುದು ಎದ್ದು ಹೋದ್ರು. ಎಂಟನೇದು ನಿನ್ನ ತಪ್ಪಿಗೆ ನಿಂತೈತಿ. ಲಗ್ನ ಆಗ್ಲಿ. ಆಮ್ಯಾಲ ನಿಧಾನಕ ಹೇಳಿದ್ರಾತು. ಅಲ್ಲಿತನ ಹುಡ್ಗಿ ನಿನ್ನ ಹತ್ರ ಇರ್ತಾಳ."

"ಆಮ್ಯಾಲೂ ಅವ್ರು ಒಲ್ಲೆ ಅಂದ್ರ?"

"ನಿನ್ನ ಹತ್ರಾನ ಬೆಳಿತಾಳ. ನಿನಗೂ ಒಂದು ಆಸರ ಆತು. ನಿನ್ನ ಪುಸ್ತಕ ಕಡೀಗಾಲಕ್ಕ ಬಾಯಾಗ ನೀರು ಬಿಡ್ತಾವೇನು?"

ಚಪ್ಪಲಿಯ ಗುರುತು ಅವನಿಗೆ ಸಿಕ್ಕಿತ್ತು.

2 ನವೆಂಬರ್, ಭಾನುವಾರ

ಹಿಂದಿನ ಕೋಣೆಯ ಕಿಟಕಿಯ ಕೆಳಗಿನ ಗೋಡೆ ಅಳೆದೆ. ಮೂರಡಿ ಎರಡಂಗುಲ. ಬಡಗಿಗೆ ಹೇಳಿದರೆ ಓದುವ ಮೇಜು ಕೂಡುತ್ತದೆ, ಎರಡು ಖಾನೆಗಳೊಂದಿಗೆ. ಐದನೇ ತರಗತಿಗೆ ಯಾವ ಶಾಲೆ ಎಂದೂ ಯೋಚಿಸಿದೆ. ಚಿತ್ರದ ಪುಸ್ತಕ ಮುಗಿದ ಮೇಲೆ ಅವಳಿಗೆ ಕೊಡಬೇಕಾದ ಪುಸ್ತಕಗಳ ಪಟ್ಟಿ ಮಾಡಿದೆ. ಹದಿನೆಂಟಾದವು. ಎಲ್ಲವೂ ಒಳ್ಳೆಯ ಅನುವಾದಗಳು. ಮಧ್ಯಾಹ್ನವೆಲ್ಲ ಹೋಯಿತು. ಹಿತವಾಗಿತ್ತು, ಅದನ್ನೂ ಬರೆದಿಡಬೇಕು.

ಸಂಜೆ ನೋಡಿದರೆ ದುರ್ಗಾ ನನ್ನ ಮೇಜಿನ ಮೇಲಿದ್ದ ಕರಡು ಹಿಡಿದು ಕೂತಿದ್ದಳು. ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದುತ್ತಿದ್ದಳು. ಹಿಂಬದಿಯನ್ನೂ ತಿರುಗಿಸಿ ನೋಡಿದಳು.

"ನನ್ನ ಹೆಸ್ರು ಎಲ್ಲೈತಿ, ಅತ್ತಿ?"

"ಇದಿನ್ನೂ ಕರಡು" ಎಂದೆ.

"ಕರಡು ಅಂದ್ರ?"

"ತಿದ್ದೋದು ಬಾಕಿ ಐತಿ ಅಂತ."

"ಹಂಗಾದ್ರ ತಿದ್ರಿ" ಎಂದು ನನ್ನ ಪೆನ್ಸಿಲ್ ತಂದು ಕೈಗೆ ಕೊಟ್ಟಳು. ಪೆನ್ಸಿಲಿನ ಮೊನೆ ಮುರಿದಿದೆ ಎಂದೆ. ಮುರಿದಿರಲಿಲ್ಲ.

3 ನವೆಂಬರ್, ಸೋಮವಾರ

ಅತ್ತೆ. ದುರ್ಗಾ ಹೇಳಿದ ಎರಡನೆಯ ಅರ್ಥದಲ್ಲಿ.

6 ನವೆಂಬರ್, ಗುರುವಾರ

ಲ್ಯಾಬಿನಿಂದ ಬಂದು ಗೀತಾಂಜಲಿ ಮೊದಲು ಕೈ ತೊಳೆಯುತ್ತಾಳೆ, ಮೊಣಕೈವರೆಗೆ. ಅಲ್ಲಿಯೇ ನಿಂತು ಹೇಳಿದೆ. ನಮೂನೆ, ಪದ, ಫೋನು, ಅಣ್ಣನ ಮಾತು. ಕ್ರಮವಾಗಿ ಹೇಳಬೇಕೆಂದುಕೊಂಡಿದ್ದೆ, ಆಗಲಿಲ್ಲ. ಅವಳು ನಲ್ಲಿ ನಿಲ್ಲಿಸಲಿಲ್ಲ.

"ಅಪ್ಪಾಜಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮಗ?"

"ಎಂಟು ದಿನ ಆತು."

"ಎಂಟು ದಿನ" ಎಂದಳು. ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳುತ್ತ ಹೇಳಿದಳು: "ಅವ್ರು ಎರಡು ಸಲ ಫೋನ್ ಮಾಡಿದ್ರು. ಮನ್ಯಾಗ ಎಲ್ಲಾರೂ ಆರಾಮ ಅದೀರಾ ಅಂತ ಕೇಳಿದ್ರು. ಎಲ್ಲಾರೂ ಅಂದ್ರ ದುರ್ಗಾನೂ ಸೇರಿ ಅನ್ಕೊಂಡಿದ್ದೆ. ಎಷ್ಟು ಚಲೋ ಮನಶ್ಯಾ ಅನ್ಕೊಂಡೆ."

ಅನುವಾದಕರ ಬಗ್ಗೆ ನಾನು ಬರೆದಿಟ್ಟ ವಾಕ್ಯವನ್ನು ಅವಳಿಗೆ ಹೇಳಬೇಕೆನಿಸಿತು. ಹೇಳಲಿಲ್ಲ.

"ನಾನೇ ಫೋನ್ ಮಾಡಿ ಹೇಳ್ತೀನಿ" ಎಂದಳು.

"ಬರದಾಕಿ ನಾನು. ಹೇಳಾಕಿನೂ ನಾನ. ಫೋನ್‌ನ್ಯಾಗ ಬ್ಯಾಡ. ಫೋನ್‌ನ್ಯಾಗ ಹೇಳಿದ್ದು ಒಂದು, ಅವ್ರು ಕೇಳಿದ್ದು ಒಂದು ಆಗೇತಿ."

ಟವೆಲು ಮಡಚಿಟ್ಟು ಹೇಳಿದಳು: "ಹೋಗ್ರಿ ಅತ್ತಿ. ಆದ್ರ ದುರ್ಗಾನ ಕರ್ಕೊಂಡು ಹೋಗಬ್ಯಾಡ್ರಿ. ಅಕಿನ್ನ ತೋರಿಸಿ ಒಪ್ಪಿಸೋದು ನನಗ ಬ್ಯಾಡ. ತಪ್ಪಾಗೇತಿ ಅನ್ರಿ, ಮಗಳದಾಳ ಅನ್ರಿ. ಎರಡೂ ಬ್ಯಾರೆ ಬ್ಯಾರೆ ಮಾತು. ಎರಡನ್ನೂ ಕೂಡ್ಸಿ ಹೇಳಬ್ಯಾಡ್ರಿ."

"ಒಲ್ಲೆ ಅಂದ್ರ?"

"ಒಲ್ಲೆ ಅಂದ್ರ ನಾವಿಬ್ರೂ ಇಲ್ಲೇ ಇರ್ತೀವಿ. ಒಬ್ಬಾಕೀನ್ನ ಬಿಟ್ಟು ಇನ್ನೊಬ್ಬಾಕಿ ಎಲ್ಲೂ ಹೋಗಂಗಿಲ್ಲ. ನಿಮಗ ಜಾಗ ಇದ್ರ."

ಹಿಂದಿನ ಕೋಣೆಯ ಅಳತೆ ಅವಳಿಗೆ ಹೇಳಲಿಲ್ಲ. ಜಾಗ ಐತಿ ಎಂದಷ್ಟೇ ಹೇಳಿದೆ.

7 ನವೆಂಬರ್, ಶುಕ್ರವಾರ

ಕೌಸರ್ ಹೊಲಿದ ರವಿಕೆ ಕೊಡಲು ಬಂದಿದ್ದಳು. ಮದುವೆಯ ಜಾಕೀಟಿಗೆ ಅಳತೆ ಯಾವಾಗ ಕೊಡುತ್ತೀರಿ ಎಂದು ಕೇಳಿದಳು. ಸುಮ್ಮನಿರಲಾರದೆ ಎಲ್ಲ ಹೇಳಿದೆ. ಹೊರಗಿನವರಿಗೆ ಮನೆಯ ಮಾತು ಹೇಳಿದ್ದು ಇದೇ ಮೊದಲಿರಬೇಕು.

"ಇಶ್ಯೂ ಅಂದ್ರ ಮಕ್ಕಳಾ ಮೇಡಂ?" ಎಂದಳು. "ಸರಿಯಾಗೇ ಐತಿ ಬಿಡ್ರಿ. ನಮ್ಮ ಮನ್ಯಾಗ ದಿನಾ ಮೂರು ಇಶ್ಯೂ, ಮೂರೂ ನಾನೇ ಹಡದದ್ದು."

ನಗು ಬಂತು. ತಡೆಯಲಿಲ್ಲ.

"ನಾಳಿದ್ದು ಹೋಗ್ರಿ. ಆ ಯಮ್ಮ ಬೈದ್ರ ಬೈಸ್ಕೊಳ್ರಿ, ಮೇಡಂ. ಬೈಗುಳ ಬಟ್ಟಿಗೆ ಹತ್ತಂಗಿಲ್ಲ. ಹುಡ್ಗಿ ನನ್ನ ಹತ್ರ ಇರ್ಲಿ." ಬಾಗಿಲಲ್ಲಿ ನಿಂತು ಮತ್ತೆ ಹೇಳಿದಳು: "ಆದ್ರ ಈ ಸಲ ಯಾರರ ಕೇಳಿದ್ರ ಚಪ್ಲಿ ಅಕಿವ ಅನ್ರಿ. ನಮ್ಮ ಮಕ್ಕಳ ಕಾಲು ಅಷ್ಟು ಸಣ್ಣವಿಲ್ಲ."

8 ನವೆಂಬರ್, ಶನಿವಾರ

ಅಣ್ಣನಿಗೆ ಫೋನ್ ಮಾಡಿ ಹೇಳಿದೆ, ಹೋಗುತ್ತಿದ್ದೇನೆ ಎಂದು. "ಎಂಟನೇದೂ ಎದ್ದು ಹೋಗ್ತೈತಿ ನೋಡು" ಎಂದ. ಹೋಗಬಹುದು. ಅವನು ಸಿಟ್ಟಿನಿಂದ ಹೇಳಲಿಲ್ಲ, ದಣಿದ ದನಿಯಲ್ಲಿ ಹೇಳಿದ. ಏಳು ಮನೆಗಳಲ್ಲಿ ಅವನು ಒಬ್ಬನೇ ಕೂತು ಖರೆ ಹೇಳಿದ್ದನ್ನು ನಾನು ಎಂದೂ ಕೇಳಿ ತಿಳಿದಿರಲಿಲ್ಲ.

ನಿಜ ಹೇಳಲು ಮೂರು ಸಲ ಬಾಗಿಲು ತೆರೆದಿತ್ತು. ಚಪ್ಪಲಿ ಕಂಡಾಗ ಅಣ್ಣ ಮುಚ್ಚಿದ. ಫೋನಿನಲ್ಲಿ ನನ್ನ ಅಜ್ಞಾನ ಮುಚ್ಚಿತು. ಚಿತ್ರದ ಪುಸ್ತಕ ಯಾರಿಗೆ ಎಂದು ಅರುಣಕುಮಾರ್ ಕೇಳಿದಾಗ ಮಾತ್ರ ನನಗೆ ತಿಳಿಯದ ಪದ ಯಾವುದೂ ಇರಲಿಲ್ಲ. ದುರ್ಗಾಗೆ ಎನ್ನಬಹುದಿತ್ತು. ಓದೋರಿಗೆ ಎಂದೆ. ಚುಟುಕಾದ ಉತ್ತರವೆಂದು ಆಗ ಹಿಗ್ಗಿದ್ದೆ.

ಹರಪನಹಳ್ಳಿಗೆ ಬೆಳಿಗ್ಗೆ ಏಳೂ ಹತ್ತಕ್ಕೆ ಬಸ್ಸು, ಅದು ತಪ್ಪಿದರೆ ಎಂಟೂವರೆಗೆ. ಪ್ರಕಾಶಕರಿಗೆ ಬರೆದ ಪತ್ರ ಮೇಜಿನ ಮೇಲೇ ಇತ್ತು, ಅದರ ಹಿಂಬದಿಯಲ್ಲಿ ಗುರುತು ಹಾಕಿಕೊಂಡೆ. ಲಗ್ನದ ಹಂಗಾಮಾದ್ದರಿಂದ ಪ್ರೆಸ್ ಭಾನುವಾರವೂ ತೆರೆದಿರುತ್ತದೆ ಎಂದು ಗೀತಾಂಜಲಿ ಹೇಳಿದಳು. ಮೊದಲು ಮನೆಗೆ ಹೋಗಿ ದಾಕ್ಷಾಯಣಮ್ಮನವರಿಗೆ, ಆಮೇಲೆ ಪ್ರೆಸ್ಸಿಗೆ. ಇಲ್ಲ, ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡೇ ಹೇಳುವುದು.

ಕರಡು ತಿದ್ದಿದೆ. ಭರತನ ಸಾಲಿನ ಪಕ್ಕದಲ್ಲಿ ಹಂಸಪಾದ ಹಾಕಿ, ಬಿಟ್ಟುಹೋದದ್ದನ್ನು ಬರೆದೆ: ನಮ್ಮ ಅಮ್ಮನ ಮದುವೆಗೆ ತಪ್ಪದೇ ಬನ್ನಿ, ದುರ್ಗಾ. ಮೊದಲು ಪೆನ್ಸಿಲಿನಲ್ಲಿ, ಆಮೇಲೆ ಅದರ ಮೇಲೆಯೇ ಪೆನ್ನಿನಲ್ಲಿ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹುಡುಗಿ, "ದ-ಗೆ ಕೊಂಬು ಸಣ್ಣದಾತು, ಅತ್ತಿ" ಎಂದಳು. ದೊಡ್ಡದು ಮಾಡಿದೆ. ಅಚ್ಚಾಗುತ್ತದೆಯೋ ಇಲ್ಲವೋ ನಾಳೆ ತಿಳಿಯುತ್ತದೆ. ಕರಡಿನಲ್ಲಂತೂ ತಪ್ಪು ಉಳಿಯಬಾರದು.

ಹೇಳಬೇಕಾದ್ದನ್ನೂ ಬರೆದುಕೊಂಡಿದ್ದೇನೆ. ಮೊದಲು ತಪ್ಪಿನ ಮಾತು ಮುಗಿಸುವುದು. ಸ್ವಲ್ಪ ತಡೆದು ಇದು:

ನಮ್ಮ ಗೀತಾಂಜಲಿಗೆ ಒಬ್ಬ ಮಗಳಿದ್ದಾಳೆ. ಎಂಟು ವರ್ಷ. ಹೆಸರು ದುರ್ಗಾ.

ಎರಡು ಅರ್ಥ ಬರುವ ಮಾತು ಒಂದೂ ಇಲ್ಲ. ಎರಡು ಸಲ ಓದಿ ನೋಡಿದೆ.